ಕಡಮತ್ ದ್ವೀಪಕ್ಕೆ ಹೊರಟ ಮಂಜುವಿಗೆ

ಶ್ರೀನಿವಾಸಪುರ

ಚಿ. ಮಂಜುನಾಥನಿಗೆ ದೊಡ್ಡಪ್ಪನ ಆಶೀರ್ವಾದಗಳು.

ನಾವೆಲ್ಲ ಕ್ಷೇಮ. ಗೆಳೆಯರ ಜೊತೆ ಲಕ್ಷದ್ವೀಪದ ಕಡಮತ್‌ಗೆ ಹೊರಟಿದ್ದೀಯ ಅಂತ ನಿಮ್ಮಪ್ಪ ಹೇಳಿದ. ಸಂತೋಷ. ಆದರೆ ‘ನಮ್ಮ ದೇಶದೊಳಗೇ ಓಡಾಡೋಕೆ ಪರ್ಮಿಟ್ ಯಾಕೆ’ ಅಂತ ಗೊಣಗಿದೆಯಂತೆ. ಅಲ್ಲಿರುವುದು 36 ದ್ವೀಪ, ಜನ ವಾಸ ಮಾಡುವುದು 10ರಲ್ಲಿ ಮಾತ್ರ. ಎಲ್ಲ ಸೇರಿಸಿದರೂ ನೆಲ ಸುಮಾರು 32 ಚದರ ಕಿಲೋಮೀಟರ್. 2011ರ ಜನಗಣತಿಯಲ್ಲಿ ಜನ 64 ಸಾವಿರ. ಅಷ್ಟು ಚಿಕ್ಕ ಜಾಗಕ್ಕೆ ಬೇಕಾದವರೆಲ್ಲ ನುಗ್ಗಿದರೆ ಆ ಜನ ಎಲ್ಲಿಗೆ ಹೋಗಬೇಕು? ಕೇಳಿದ ಕಾಗದ ಕೊಟ್ಟು ಪರ್ಮಿಟ್ ಮಾಡಿಸಿಕೊ.

ನಾನು ಮುಖ್ಯವಾಗಿ ಹೇಳಬೇಕಾದ್ದು ನೀರಿನ ವಿಷಯ. ಆ ದ್ವೀಪಗಳಲ್ಲಿ ನದಿಯಿಲ್ಲ. ಮಳೆನೀರು ಹವಳದ ಮರಳಿನೊಳಗೆ ಇಳಿದು, ಉಪ್ಪುನೀರಿನ ಮೇಲೆ ತೇಲುತ್ತಾ ನಿಲ್ಲುತ್ತದೆ, ಹಾಲಿನ ಮೇಲೆ ಕೆನೆ ನಿಂತ ಹಾಗೆ. ಮನೆ ಬಾವಿಯಲ್ಲಿ ಸಿಗುವುದು ಆ ತೆಳು ಪದರದ ನೀರು. ಜಾಸ್ತಿ ಎತ್ತಿದರೆ ಕೆಳಗಿನ ಉಪ್ಪು ಮೇಲೆ ಬರುತ್ತದೆ. ನಮ್ಮ ಕೋಲಾರದಲ್ಲಿ ನೀರು ಬತ್ತಿದರೆ ಸಾವಿರ, ಸಾವಿರದಿನ್ನೂರು ಅಡಿಗೆ ಬೋರ್ ಇಳಿಸಿದೆವು. ಅವರಿಗೆ ಆ ದಾರಿಯೂ ಇಲ್ಲ, ಕೆಳಗಿರುವುದು ಸಮುದ್ರ. ಇನ್ನೊಂದು ವಿಷಯ, ಆ ಮರಳು ಏನನ್ನೂ ತಡೆಯುವುದಿಲ್ಲ. ನೀನು ಬಚ್ಚಲಲ್ಲಿ ಸುರಿದ ಸೋಪಿನ ನೀರು ಬೇಗ ಪಕ್ಕದ ಮನೆಯ ಬಾವಿಗೆ ಸೇರಬಹುದು. ಕಡಲ ನೀರಿನಿಂದ ಸಿಹಿನೀರು ಮಾಡುವ ಘಟಕ ಲಕ್ಷದ್ವೀಪದ ರಾಜಧಾನಿ ಕವರತ್ತಿಯಲ್ಲಿ 2005ರಲ್ಲೇ ಶುರುವಾಯಿತು, ನಿಜ. ಅದನ್ನು ನಂಬಿಕೊಂಡು ಅರ್ಧ ಗಂಟೆ ಶವರ್ ಕೆಳಗೆ ನಿಲ್ಲಬೇಡ. ಟ್ಯಾಂಕರ್ ಬರುತ್ತೆ ಅಂತ ಬೆಳಗಿನ ಜಾವ ಕಾದ ಮನೆಯಲ್ಲಿ ಬೆಳೆದವನು ನೀನು, ನಿನ್ನ ಬೆಂಗಳೂರಿನ ಗೆಳೆಯರಿಗೂ ಬಕೆಟ್‌ನಲ್ಲಿ ಸ್ನಾನ ಮಾಡೋಕೆ ಹೇಳು.

ಹವಳವನ್ನು ಕಲ್ಲು ಅಂದುಕೊಂಡು ಅದರ ಮೇಲೆ ಕಾಲಿಡಬೇಡ. ಅದು ಜೀವ ಇರುವಂಥದ್ದು. 1998, 2010, 2016ರಲ್ಲಿ ಸಮುದ್ರ ಬಿಸಿಯಾಗಿ ಅಲ್ಲಿನ ಹವಳ ಬೆಳ್ಳಗಾಗಿ ಬಹಳಷ್ಟು ಸತ್ತಿತು. ದೊಡ್ಡ ಅಲೆಗಳನ್ನು ಊರಿಂದ ಆಚೆ ತಡೆಯುವುದು ಆ ಹವಳದ ಗೋಡೆಯೇ. ಚೂರು ಕಿತ್ತು ಬ್ಯಾಗಿಗೆ ಹಾಕಿದರೆ ವನ್ಯಜೀವಿ ಕಾಯ್ದೆಯಲ್ಲಿ ಕೇಸ್ ಆಗುತ್ತದೆ. ಶೋಕೇಸಿಗೆ ಅಂತ ನಿಮ್ಮಮ್ಮ ಕೇಳಿದರೂ ತರಬೇಡ.

ಕಡಮತ್, ಅಮಿನಿ, ಕಿಲ್ತಾನ್, ಚೆತ್ಲತ್ ದ್ವೀಪಗಳು 1956ರವರೆಗೆ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿದ್ದವು. ಅದಕ್ಕೂ ಮುಂಚೆ ಟಿಪ್ಪುವಿನ ಕೈಯಲ್ಲಿದ್ದವು, ಅಂದರೆ ನಮ್ಮ ಕೋಲಾರ ಜಿಲ್ಲೆಯ ಬೂದಿಕೋಟೆಯಲ್ಲಿ ಹುಟ್ಟಿದ ಹೈದರನ ಮಗನ ಕೈಯಲ್ಲಿ. ಇದನ್ನು ಹರಟೆಗೆ ಇಟ್ಟುಕೊ, ಅಲ್ಲಿ ಹೋಗಿ ಹಕ್ಕು ಚಲಾಯಿಸೋಕೆ ಅಲ್ಲ.

ಊರಿನವರು ಹೆಚ್ಚುಕಡಿಮೆ ಎಲ್ಲರೂ ಮುಸಲ್ಮಾನರು. ಈಜುವ ಬಟ್ಟೆ ಕಡಲ ದಂಡೆಗೆ, ಊರೊಳಗೆ ಮೈತುಂಬ ಬಟ್ಟೆ. ಜನ ಇರುವ ದ್ವೀಪಗಳಲ್ಲಿ ಮದ್ಯ ನಿಷೇಧ, ಬಾಟಲಿ ಬಚ್ಚಿಟ್ಟು ಒಯ್ಯುವ ಜಾಣತನ ನಿನ್ನ ಗೆಳೆಯರಲ್ಲಿ ಯಾರಿಗಾದರೂ ಇದ್ದರೆ ಈಗಲೇ ಬಿಡಿಸು. ಹೆಂಗಸರು ಕಂಡಕೂಡಲೇ ಫೋನ್ ಎತ್ತಬೇಡ. ಇಲ್ಲಿ ನಮ್ಮ ಕಲ್ಲುಕಟ್ಟೆ ಮುಂದೆ ಯಾರೋ ಬಂದು ನಿನ್ನ ಅಜ್ಜಿಯ ಫೋಟೋ ಹೊಡೆದರೆ ನೀನು ಸುಮ್ನೆ ಇರ್ತೀಯಾ?

ಅಕ್ಕಿ, ಈರುಳ್ಳಿ, ತರಕಾರಿ ಎಲ್ಲ ಹಡಗಿನಲ್ಲೇ ಬರಬೇಕು. ರೇಟು ಜಾಸ್ತಿ ಅಂತ ಜಗಳ ಮಾಡಬೇಡ. ಟ್ಯೂನಾ ಮೀನು, ತೆಂಗಿನಕಾಯಿ ಹಾಕಿ ಮಾಡಿದ್ದನ್ನು ಬಡಿಸಿದರೆ ಉಣ್ಣು. ಬಿಸ್ಕತ್ತಿನ ಕವರ್, ಶಾಂಪೂ ಪ್ಯಾಕೆಟ್ ಎಲ್ಲ ವಾಪಸ್ ಬ್ಯಾಗಿಗೆ. ತೆಲುಗು, ಕನ್ನಡ ಎರಡೂ ಆಡುವ ಊರಿನವನಿಗೆ ನಾಲ್ಕು ಮಾತು ಮಲಯಾಳ ಕಲಿಯೋದು ಕಷ್ಟವಲ್ಲ.

ಹೊಸ ಹುಣಸೆಹಣ್ಣು ಬಂದಿದೆ. ಉಳಿದುಕೊಳ್ಳುವ ಮನೆಯವರಿಗೆ ಕೊಡೋಕೆ ಎರಡು ಕೆಜಿ ಕಟ್ಟಿಸಿಟ್ಟಿದ್ದೇನೆ. ಭಾನುವಾರ ಬಂದು ತೆಗೆದುಕೊಂಡು ಹೋಗು, ಬರುವಾಗ ಕೊಚ್ಚಿಯಿಂದ ಹಡಗು ಯಾವತ್ತು ಅಂತ ಬರೆದು ತಾ.

ಇಂತಿ,
ನಿನ್ನ ದೊಡ್ಡಪ್ಪ