ಅಕೌಂಟಬಿಲಿಟಿ ಯಾರದು?

ಮಾನ್ಯ ಸಂಪಾದಕರೇ,

ಸರ್ಕಾರಿ ಸಭೆಗಳಲ್ಲಿ ‘ಅಕೌಂಟಬಿಲಿಟಿ’ (ಉತ್ತರದಾಯಿತ್ವ) ಎಂಬ ಮಾತು ಈಗ ಧಾರಾಳವಾಗಿ ಉದುರುತ್ತಿದೆ. ‘ವ್ಯವಸ್ಥೆಯಲ್ಲಿ ಅಕೌಂಟಬಿಲಿಟಿ ಬರಬೇಕು’ ಎನ್ನುತ್ತಾರೆ. ವ್ಯವಸ್ಥೆಯನ್ನು ಎದುರಿಗೆ ನಿಲ್ಲಿಸಿ ಕೇಳುವುದು ಹೇಗೆ? ಕೆಲಸವನ್ನು ಹತ್ತು ಮಂದಿಗೆ ಹಂಚಬಹುದು. ಅದು ಕೆಟ್ಟಾಗ ಲೆಕ್ಕ ಒಪ್ಪಿಸಲು ಹೆಸರಿರುವ ಒಬ್ಬ ಮನುಷ್ಯ ಬೇಕು.

ಭಾಷಣಕ್ಕಿಂತ ನಮ್ಮ ಕಾನೂನುಗಳೇ ಇಲ್ಲಿ ಸ್ಪಷ್ಟ. 2005ರ ಮಾಹಿತಿ ಹಕ್ಕು ಕಾಯ್ದೆಯ 20ನೇ ಸೆಕ್ಷನ್ ಪ್ರಕಾರ, ಸಕಾರಣವಿಲ್ಲದೆ ಮಾಹಿತಿ ತಡೆದರೆ ದಿನಕ್ಕೆ 250 ರೂಪಾಯಿಯಂತೆ ಗರಿಷ್ಠ 25,000 ರೂಪಾಯಿವರೆಗೆ ದಂಡ. ಅದು ಬೀಳುವುದು ಕಚೇರಿಯ ಮೇಲಲ್ಲ, ಮಾಹಿತಿ ಅಧಿಕಾರಿಯ ಮೇಲೆ. ಸರ್ಕಾರಿ ಸೇವೆಗಳನ್ನು ಗಡುವಿನೊಳಗೆ ಕೊಡಬೇಕೆನ್ನುವ ನಮ್ಮ ರಾಜ್ಯದ ‘ಸಕಾಲ’ ಕಾಯ್ದೆಯೂ ಇದೇ ಜಾಡಿನದು: ಗಡುವು ಮೀರಿದರೆ ಅರ್ಜಿದಾರರಿಗೆ ದಿನಕ್ಕೆ 20 ರೂಪಾಯಿ ಪರಿಹಾರ, ಮಿತಿ 500 ರೂಪಾಯಿ, ತಪ್ಪಿತಸ್ಥ ಅಧಿಕಾರಿಯ ಸಂಬಳದಿಂದಲೇ ವಸೂಲಿ. ಆದರೆ ಆ ಕಾಯ್ದೆ 2011ರದು. ಇಂದು 20 ರೂಪಾಯಿಗೆ ಒಳ್ಳೆಯ ಹೋಟೆಲಿನಲ್ಲಿ ಕಾಫಿ ಸಿಕ್ಕರೆ ಪುಣ್ಯ! ಅಷ್ಟಕ್ಕಾಗಿ ಮೇಲ್ಮನವಿ ಬರೆಯುವವರಾದರೂ ಯಾರು? ನಾಳೆ ಮತ್ತೆ ಅದೇ ಮೇಜಿನ ಮುಂದೆ ನಿಲ್ಲಬೇಕಲ್ಲ ಎಂಬ ಅಳುಕು ಬೇರೆ.

ಪರಿಹಾರದ ಮೊತ್ತವನ್ನು ಸರ್ಕಾರ ಏರಿಸಲಿ. ಗಡುವು ಮೀರಿದೊಡನೆ, ಯಾರೂ ಕೇಳದಿದ್ದರೂ, ಹಣ ಅರ್ಜಿದಾರರ ಖಾತೆಗೆ ಜಮೆಯಾಗಲಿ. ಯಾವ ಹುದ್ದೆಯವರ ಸಂಬಳದಲ್ಲಿ ಎಷ್ಟು ಕಡಿತವಾಯಿತು ಎಂಬುದನ್ನು ಪ್ರತಿ ತಿಂಗಳೂ ಕಚೇರಿಯ ಸೂಚನಾ ಫಲಕದಲ್ಲಿ ಹಾಕಲಿ.

– ಓದುಗ, ಮೈಸೂರು