ಮೆಗಾಪಿಕ್ಸೆಲ್ ಲೆಕ್ಕ ತೋರಿಸಿ ಡಿಎಸ್‌ಎಲ್‌ಆರ್‌ಗೆ ಸಮವೆಂದು ಮಾರಿದ ಲೆನ್ಸ್ ಕ್ಯಾಮೆರಾದ ಬಗ್ಗೆ ದೂರು

ಕುಂದಾಪುರ
ದಿನಾಂಕ: 12-12-2014

ಇವರಿಗೆ,
ವ್ಯವಸ್ಥಾಪಕರು,
ಗ್ರಾಹಕ ಸೇವಾ ವಿಭಾಗ

ವಿಷಯ: ತಮ್ಮ ಉಡುಪಿ ಮಳಿಗೆಯ ಹೋಲಿಕೆ ಫಲಕವನ್ನು ನಂಬಿ ಕೊಂಡ ಕ್ಯಾಮೆರಾವನ್ನು ಹಿಂಪಡೆಯುವಂತೆಯೂ ಆ ಫಲಕವನ್ನು ತಿದ್ದುವಂತೆಯೂ ಕೋರಿ.

ಮಾನ್ಯರೇ,

ಕಳೆದ ನವೆಂಬರ್ 2ರಂದು ತಮ್ಮ ಉಡುಪಿಯ ಮಳಿಗೆಯಲ್ಲಿ ನಾನು ಸೋನಿ ಕ್ಯೂಎಕ್ಸ್10 ಕ್ಯಾಮೆರಾವೊಂದನ್ನು ಕೊಂಡೆ. ಫೋನಿನ ಬೆನ್ನಿಗೆ ಸಿಕ್ಕಿಸಿಕೊಳ್ಳುವ, ನೋಡಲು ಬರಿಯ ಲೆನ್ಸಿನಂತಿರುವ, ತನ್ನದೇ ಪರದೆಯಿಲ್ಲದೆ ವೈಫೈ ಮೂಲಕ ಫೋನಿನ ಪರದೆಯಲ್ಲಿ ದೃಶ್ಯ ತೋರಿಸುವ ಸಾಧನ ಇದು. ಆ ದಿನ ನಾನು ಬಂದದ್ದು ಇದಕ್ಕಾಗಿ ಅಲ್ಲ. ಕ್ಯಾನನ್ 1200ಡಿ ಡಿಎಸ್‌ಎಲ್‌ಆರ್ ಅನ್ನು (ಲೆನ್ಸ್ ಬದಲಿಸಬಹುದಾದ, ಕನ್ನಡಿಯ ಮೂಲಕ ನೋಡುವ ದೊಡ್ಡ ಕ್ಯಾಮೆರಾ) 18-55 ಲೆನ್ಸಿನೊಂದಿಗೆ ಕೊಳ್ಳಲೆಂದು ಹಣ ಹೊಂದಿಸಿಕೊಂಡೇ ಬಂದಿದ್ದೆ. ತಮ್ಮ ಮಾರಾಟ ಪ್ರತಿನಿಧಿಯವರ ಮಾತನ್ನೂ, ಎರಡು ಕ್ಯಾಮೆರಾಗಳ ನಡುವೆ ತಾವು ನಿಲ್ಲಿಸಿದ್ದ ಹೋಲಿಕೆ ಫಲಕವನ್ನೂ ನಂಬಿ ಮನಸ್ಸು ಬದಲಿಸಿದೆ. ಆ ಹೋಲಿಕೆ ಗ್ರಾಹಕರನ್ನು ದಾರಿ ತಪ್ಪಿಸುವಂಥದ್ದು ಎಂಬುದೇ ನನ್ನ ದೂರು. ಸಾಧನದಲ್ಲಿ ತಯಾರಿಕೆಯ ದೋಷವಿಲ್ಲ, ತಯಾರಕರ ಮೇಲೆ ನನಗೆ ಯಾವ ಆಕ್ಷೇಪವೂ ಇಲ್ಲ.

ಕ್ಯಾಮೆರಾ ಯಾವ ಕೆಲಸಕ್ಕೆ ಬೇಕು ಎಂಬುದನ್ನು ನಾನು ಮೊದಲೇ ತಿಳಿಸಿದ್ದೆ. ನಾನು ನಿವೃತ್ತ ಶಾಲಾ ಶಿಕ್ಷಕ. ಬಡಗುತಿಟ್ಟಿನ (ಉತ್ತರದ ಶೈಲಿಯ) ಯಕ್ಷಗಾನ ವೇಷಗಳ, ಅದರಲ್ಲೂ ತಲೆಗೆ ಮುಂಡಾಸು ಕಟ್ಟುವ ಕ್ರಮದ ಚಿತ್ರಗಳನ್ನು ಸಂಗ್ರಹಿಸುವ ಕೆಲಸದಲ್ಲಿ ತೊಡಗಿದ್ದೇನೆ. ಕಿರೀಟವನ್ನು ಪೆಟ್ಟಿಗೆಯಿಂದ ತೆಗೆದು ತಲೆಗೆ ಇಟ್ಟುಕೊಳ್ಳಬಹುದು. ಮುಂಡಾಸು ಹಾಗಲ್ಲ, ಪ್ರತಿ ರಾತ್ರಿ ಚೌಕಿಯಲ್ಲಿ (ವೇಷ ಕಟ್ಟುವ ಜಾಗದಲ್ಲಿ) ಕುಳಿತು, ಅಟ್ಟೆಯೆಂಬ ಆಧಾರವಿಟ್ಟು, ಬಟ್ಟೆ ಸುತ್ತಿ ಹೊಸದಾಗಿ ಕಟ್ಟಿಕೊಳ್ಳಬೇಕು, ಆಟ ಮುಗಿದ ಮೇಲೆ ಬಿಚ್ಚಬೇಕು. ಕಟ್ಟಿದ ಕೈಯ ಜಾಣ್ಮೆ ಉಳಿದರೆ ನೋಡಿದವರ ನೆನಪಿನಲ್ಲಿ ಉಳಿಯಬೇಕು, ಇಲ್ಲವೇ ಚಿತ್ರದಲ್ಲಿ. ಚೌಕಿಯಲ್ಲಿ ಬೆಳಕು ಕಡಿಮೆ, ರಂಗಸ್ಥಳದಲ್ಲಿ ಬೆಳಕಿದ್ದರೂ ವೇಷಧಾರಿ ಒಂದು ಕಡೆ ನಿಲ್ಲುವುದಿಲ್ಲ, ಕುಣಿಯುವವರ ಕಣ್ಣಿಗೆ ಫ್ಲ್ಯಾಷ್ ಹೊಡೆಯುವುದು ನನಗೆ ಸುತರಾಂ ಒಪ್ಪಿಗೆಯಿಲ್ಲ. ಇಷ್ಟನ್ನೂ ವಿವರಿಸಿ, ರಾತ್ರಿಯ ಆಟಕ್ಕೆ ಈ ಕ್ಯಾಮೆರಾ ಆಗುತ್ತದೆಯೇ ಎಂದು ಎರಡು ಸಲ ಕೇಳಿದೆ. "ಸರ್, ಇದು ಡಿಎಸ್‌ಎಲ್‌ಆರ್‌ಗೆ ಸಮ, ಝೂಮ್‌ನಲ್ಲಿ ಅದಕ್ಕಿಂತ ಮೇಲೆ" ಎಂಬ ಉತ್ತರ ಬಂತು. ಜೊತೆಗೆ ಫಲಕದ ಕಡೆಗೆ ಕೈ ತೋರಿಸಲಾಯಿತು.

ಆ ಫಲಕದಲ್ಲಿ ಇದ್ದದ್ದು ಮೂರು ಸಾಲು. ಮೆಗಾಪಿಕ್ಸೆಲ್ (ಚಿತ್ರದ ಬಿಂದುಗಳ ಲೆಕ್ಕ, ಹತ್ತು ಲಕ್ಷಗಳಲ್ಲಿ): ಕ್ಯೂಎಕ್ಸ್10ಕ್ಕೆ 18.2, 1200ಡಿಗೆ 18. ಝೂಮ್: ಒಂದಕ್ಕೆ ಹತ್ತು ಪಟ್ಟು, ಇನ್ನೊಂದರ ಲೆನ್ಸಿಗೆ ಮೂರು ಪಟ್ಟು. ತೂಕ: ಒಂದು 105 ಗ್ರಾಂ, ಇನ್ನೊಂದು ಲೆನ್ಸನ್ನು ಬಿಟ್ಟೇ 480 ಗ್ರಾಂ. ಈ ಅಂಕಿಗಳಲ್ಲಿ ಒಂದೂ ಸುಳ್ಳಲ್ಲ ಎಂಬುದನ್ನು ನಾನೇ ಆಮೇಲೆ ಎರಡೂ ಕೈಪಿಡಿಗಳನ್ನು ಓದಿ ಖಚಿತಪಡಿಸಿಕೊಂಡಿದ್ದೇನೆ. ಆದರೆ ರಾತ್ರಿಯ ಚಿತ್ರ ಹೇಗೆ ಬರುತ್ತದೆ ಎಂಬುದನ್ನು ತೀರ್ಮಾನಿಸುವ ಅಂಕಿಯೇ ಅಲ್ಲಿರಲಿಲ್ಲ. ಅದು ಸೆನ್ಸರಿನ, ಅಂದರೆ ಲೆನ್ಸಿನ ಹಿಂದೆ ಬೆಳಕನ್ನು ಹಿಡಿದು ಚಿತ್ರವಾಗಿಸುವ ಚಿಪ್ಪಿನ ಅಳತೆ.

1200ಡಿಯ ಸೆನ್ಸರ್ 22.3 ಮಿಲಿಮೀಟರ್ ಅಗಲ, 14.9 ಮಿಲಿಮೀಟರ್ ಎತ್ತರವಿದ್ದು ಅದರ ವಿಸ್ತೀರ್ಣ ಸುಮಾರು 332 ಚದರ ಮಿಲಿಮೀಟರ್ ಆಗುತ್ತದೆ. ಕ್ಯೂಎಕ್ಸ್10ರದು 1/2.3 ಇಂಚಿನ ವರ್ಗದ ಸೆನ್ಸರ್. ವಿಸ್ತೀರ್ಣ ಸುಮಾರು 28 ಚದರ ಮಿಲಿಮೀಟರ್, ಅಂದರೆ ಹನ್ನೆರಡರಲ್ಲಿ ಒಂದು ಪಾಲು. ಎರಡರಲ್ಲೂ ಇರುವುದು ಹೆಚ್ಚುಕಡಿಮೆ ಒಂದು ಕೋಟಿ ಎಂಬತ್ತು ಲಕ್ಷ ಬಿಂದುಗಳೇ ಆದ್ದರಿಂದ, ಚಿಕ್ಕ ಸೆನ್ಸರಿನ ಪ್ರತಿ ಬಿಂದುವಿಗೆ ದಕ್ಕುವ ಜಾಗವೂ ಅಷ್ಟೇ ಪಟ್ಟು ಕಡಿಮೆ. ಎರಡೂ ಲೆನ್ಸುಗಳ ಅಪರ್ಚರ್‌ನಲ್ಲಿ (ಬೆಳಕು ಒಳಬರುವ ಕಿಂಡಿಯ ಅಳತೆಯಲ್ಲಿ) ಹೇಳಿಕೊಳ್ಳುವಂಥ ವ್ಯತ್ಯಾಸವಿಲ್ಲ: ಒಂದು ಎಫ್3.3ರಿಂದ 5.9, ಇನ್ನೊಂದು ಎಫ್3.5ರಿಂದ 5.6. ಹಾಗಾಗಿ ಮಂದ ಬೆಳಕಿನಲ್ಲಿ ಚಿಕ್ಕ ಸೆನ್ಸರಿನ ಕೊರತೆಯನ್ನು ಲೆನ್ಸ್ ತುಂಬಿಕೊಡಲಾರದು. ಫಲಕವು ಸಮವೆಂದು ಎತ್ತಿ ತೋರಿಸಿದ ಆ ಹದಿನೆಂಟು ಮೆಗಾಪಿಕ್ಸೆಲ್ ವಾಸ್ತವದಲ್ಲಿ ಎರಡು ಕ್ಯಾಮೆರಾಗಳ ನಡುವಿನ ಅಂತರವನ್ನು ಮುಚ್ಚುವ ಪರದೆಯಾಯಿತು. ಅದೇ ಸರಣಿಯ ಕ್ಯೂಎಕ್ಸ್100ಕ್ಕೆ ಒಂದು ಇಂಚಿನ ವರ್ಗದ, ಅಂದರೆ ಸುಮಾರು 116 ಚದರ ಮಿಲಿಮೀಟರಿನ ಸೆನ್ಸರ್ ಮತ್ತು ಎಫ್1.8ರಿಂದ ಆರಂಭವಾಗುವ ಲೆನ್ಸ್ ಇದೆ. ಲೆನ್ಸ್ ಮಾದರಿಯನ್ನೇ ಮಾರಬೇಕೆಂದಿದ್ದರೆ ಕನಿಷ್ಠ ಅದರ ಹೆಸರನ್ನಾದರೂ ನನ್ನ ಮುಂದೆ ಎತ್ತಬಹುದಿತ್ತು.

ಸೆನ್ಸರ್ ಒಂದೇ ಅಲ್ಲ. ದಿಗಿಣ ಹಾಕುವ, ಅಂದರೆ ಹಾರಿ ಸುತ್ತುವ, ವೇಷಧಾರಿಯನ್ನು ಸ್ಪಷ್ಟವಾಗಿ ಹಿಡಿಯಬೇಕಾದರೆ ಷಟರ್ ವೇಗವನ್ನು (ಸೆನ್ಸರಿಗೆ ಬೆಳಕು ಬೀಳುವ ಅವಧಿಯನ್ನು) ನಾವೇ ನಿಗದಿಪಡಿಸಬೇಕಾಗುತ್ತದೆ. 1200ಡಿಯಲ್ಲಿ ಅದಕ್ಕೆ ಮೇಲಿನ ಚಕ್ರವನ್ನು ಒಮ್ಮೆ ತಿರುಗಿಸಿದರೆ ಸಾಕು. ಕ್ಯೂಎಕ್ಸ್10ರಲ್ಲಿ ಷಟರ್ ವೇಗವನ್ನು ಆರಿಸುವ ಅವಕಾಶವೇ ಇಲ್ಲ. ಚಿತ್ರವನ್ನು ಆಮೇಲೆ ತಿದ್ದಲು ಅನುಕೂಲವಾಗುವ ರಾ ಕಡತವನ್ನೂ ಅದು ಕೊಡುವುದಿಲ್ಲ. ಡಿಎಸ್‌ಎಲ್‌ಆರ್‌ನ ವ್ಯೂಫೈಂಡರ್‌ನಲ್ಲಿ ಕನ್ನಡಿಯ ಮೂಲಕ ಕಾಣುವುದು ಆ ಕ್ಷಣದ ದೃಶ್ಯವೇ. ಇಲ್ಲಿ ದೃಶ್ಯವು ವೈಫೈ ದಾಟಿ ಫೋನಿನ ಪರದೆಗೆ ಬರುವಷ್ಟರಲ್ಲಿ, ಕಡಿಮೆ ಅವಧಿಯೇ ಇರಬಹುದು, ಚೆಂಡೆಯ ಪೆಟ್ಟಿಗೆ ಸರಿಯಾಗಿ ತಿರುಗಿದ ಮುಖ ಮತ್ತೊಂದು ಕಡೆಗೆ ಹೊರಳಿರುತ್ತದೆ. ಒಂದು ಚಾರ್ಜಿಗೆ ಸುಮಾರು 220 ಚಿತ್ರ ಎಂದು ಹೇಳಲಾಗಿರುವ ಬ್ಯಾಟರಿಯು ಬೆಳಗಿನವರೆಗಿನ ಆಟಕ್ಕೆ ಸಾಲದು. ಅದರ ಜೊತೆಗೆ ಫೋನಿನ ಬ್ಯಾಟರಿಯೂ ಖಾಲಿಯಾಗುತ್ತದೆ. 1200ಡಿಗೆ ಅದೇ ಲೆಕ್ಕ ಸುಮಾರು 500. ಕತ್ತಲಲ್ಲಿ ಕುಳಿತ ಪ್ರೇಕ್ಷಕರ ನಡುವೆ ಫೋನಿನ ಪರದೆಯನ್ನು ಬೆಳಗಿಸಿಕೊಂಡು ಕೂರುವುದರಿಂದ ಹಿಂದಿನ ಸಾಲಿನವರಿಗೆ ಆಗುವ ಕಿರಿಕಿರಿಯನ್ನು ಬೇರೆ ಹೇಳಬೇಕಾಗಿಲ್ಲ.

ಇದರ ಫಲ ನನಗೆ ಗೊತ್ತಾದದ್ದು ನವೆಂಬರ್ 22ರ ರಾತ್ರಿ. ಮೇಳದ ತಿರುಗಾಟ ಬಿಟ್ಟು ಕೆಲವು ವರ್ಷಗಳಾದ ಹಿರಿಯ ಕಲಾವಿದರೊಬ್ಬರು ಊರವರ ಒತ್ತಾಯಕ್ಕೆ ಒಪ್ಪಿ, ಆ ಒಂದು ರಾತ್ರಿಗೆಂದು ಕರ್ಣನ ಮುಂಡಾಸು ಕಟ್ಟಿದರು. ಚೌಕಿಯಲ್ಲಿ ಅವರ ಪಕ್ಕದಲ್ಲೇ ಕುಳಿತು ಚಿತ್ರ ತೆಗೆದೆ, ಆಮೇಲೆ ಮುಂದಿನ ಸಾಲಿನಿಂದ ಅವರ ಪ್ರವೇಶವನ್ನೂ ತೆಗೆದೆ. ಮನೆಗೆ ಬಂದು ಕಂಪ್ಯೂಟರಿನಲ್ಲಿ ನೋಡಿದಾಗ ಬಟ್ಟೆಯ ಸುತ್ತುಗಳು ಒಂದಕ್ಕೊಂದು ಅಂಟಿಹೋಗಿದ್ದವು, ಆಭರಣಗಳ ಬೇಗಡೆಯ ಹೊಳಪು ಮೆತ್ತಿದ ಹಳದಿ ಬಣ್ಣವಾಗಿತ್ತು, ಕುಣಿತದ ಚಿತ್ರಗಳಲ್ಲಿ ಕೈಗಳೇ ಇರಲಿಲ್ಲ. ಆ ಕೈಗಳು ಯಾವ ಸುತ್ತಿನ ಮೇಲೆ ಯಾವ ಸುತ್ತನ್ನು ಎಳೆದು ಬಿಗಿದವು ಎಂಬುದನ್ನು ತೋರಿಸುವ ಒಂದು ಚಿತ್ರವೂ ನನ್ನ ಬಳಿ ಇಲ್ಲ. ಮತ್ತೊಮ್ಮೆ ವೇಷ ಕಟ್ಟುವುದಿಲ್ಲವೆಂದು ಅವರು ಅಂದೇ ಹೇಳಿದ್ದಾರೆ. ಹೋಗಿ ಕೇಳುವ ಧೈರ್ಯವೂ ನನಗಿಲ್ಲ.

ತಪ್ಪು ನನ್ನ ಕೈಯದ್ದೇ ಇರಬಹುದೆಂಬ ಸಂಶಯ ಉಳಿಯಬಾರದೆಂದು ನವೆಂಬರ್ 29ರಂದು ಇನ್ನೊಂದು ಆಟಕ್ಕೆ ತಂಗಿಯ ಮಗನನ್ನು ಅವನ 1200ಡಿಯೊಂದಿಗೆ ಕರೆದುಕೊಂಡು ಹೋದೆ. ಒಂದೇ ಸಾಲು, ಒಂದೇ ಪ್ರಸಂಗ, ಅವವೇ ವೇಷಗಳು. ಅವನು ಐಎಸ್‌ಒ (ಬೆಳಕಿಗೆ ಕ್ಯಾಮೆರಾ ಸ್ಪಂದಿಸುವ ಮಟ್ಟ) 3200, ಷಟರ್ ಸೆಕೆಂಡಿನ ಇನ್ನೂರರಲ್ಲಿ ಒಂದು ಭಾಗ ಇಟ್ಟು ತೆಗೆದ ಚಿತ್ರಗಳಲ್ಲಿ ಕಾಳು ಕಾಳಾದ ನಾಯ್ಸ್ ಇದೆ, ನಿಜ. ಆದರೆ ಮುಂಡಾಸಿನ ಅಂಚುಗಳನ್ನು ಎಣಿಸಬಹುದು. ನನ್ನ ಕ್ಯಾಮೆರಾ ಹತ್ತು ಪಟ್ಟು ಝೂಮ್‌ನಿಂದ ವೇಷವನ್ನು ಹತ್ತಿರಕ್ಕೇನೋ ಎಳೆದು ತೋರಿಸಿತು. ಅದಕ್ಕಿಂತ ಅವನ ಚಿತ್ರದ ನಡುಭಾಗವನ್ನು ಕತ್ತರಿಸಿ ದೊಡ್ಡದು ಮಾಡಿದರೇ ಹೆಚ್ಚು ವಿವರ ಸಿಕ್ಕಿತು. ಎರಡರ ಮುದ್ರಿತ ಪ್ರತಿಗಳನ್ನೂ ಲಗತ್ತಿಸಿದ್ದೇನೆ. ಯಾವುದು ಯಾವ ಕ್ಯಾಮೆರಾದ್ದೆಂದು ತಮಗೆ ಬರೆದು ತಿಳಿಸುವ ಅಗತ್ಯ ಬೀಳಲಾರದು.

ಕ್ಯೂಎಕ್ಸ್10 ಕೆಟ್ಟ ಸಾಧನವೆಂದು ನಾನು ಹೇಳುತ್ತಿಲ್ಲ. ಹಗಲಿನಲ್ಲಿ ಮರವಂತೆಯ ಕಡಲತೀರದಲ್ಲಿ ಮೊಮ್ಮಗಳ ಚಿತ್ರಗಳನ್ನು ಅದು ಚೆನ್ನಾಗಿಯೇ ತೆಗೆಯಿತು. ಫೋನಿನಿಂದ ಬಿಡಿಸಿ ಕೈಯೆತ್ತಿ ಹಿಡಿದರೆ ರಥೋತ್ಸವದ ಜನಸಂದಣಿಯ ತಲೆಗಳ ಮೇಲಿನಿಂದಲೂ ಚಿತ್ರ ಸಿಗುತ್ತದೆ. ದೊಡ್ಡ ಕ್ಯಾಮೆರಾದಿಂದ ಅದು ಸುಲಭವಲ್ಲ. ಫೋನಿನ ಕ್ಯಾಮೆರಾಕ್ಕಿಂತ ಒಂದು ಮೆಟ್ಟಿಲು ಮೇಲಿನದು ಬೇಕು, ಜೇಬಿನಲ್ಲಿ ಹಿಡಿಸಬೇಕು ಎನ್ನುವವರಿಗೆ ಅದನ್ನು ಮಾರಿದ್ದರೆ ಯಾರ ತಕರಾರೂ ಇರುತ್ತಿರಲಿಲ್ಲ.

ಡಿಸೆಂಬರ್ 1ರಂದು ಬಿಲ್ಲು, ಪೆಟ್ಟಿಗೆ, ಚಿತ್ರಗಳೊಂದಿಗೆ ಮಳಿಗೆಗೆ ಬಂದೆ. ಪೆಟ್ಟಿಗೆಯ ಸೀಲು ಒಡೆದಿರುವುದರಿಂದ ಹಿಂಪಡೆಯಲಾಗದು ಎಂದು ಹೇಳಲಾಯಿತು. ಸೀಲು ಒಡೆಯದೆ ಚಿತ್ರ ತೆಗೆದು ನೋಡುವುದು ಹೇಗೆ ಎಂಬ ನನ್ನ ಪ್ರಶ್ನೆಗೆ, ನನ್ನ ಫೋನ್ ಹಳೆಯದು, ಹೊಸ ಫೋನ್ ಕೊಂಡರೆ ಚಿತ್ರ ಸುಧಾರಿಸುತ್ತದೆ ಎಂಬ ಸಲಹೆ ಬಂತು. ಇದು ಸರಿಯಲ್ಲ. ಚಿತ್ರ ಮೂಡುವುದು ಲೆನ್ಸಿನೊಳಗಿನ ಸೆನ್ಸರಿನಲ್ಲಿ, ಉಳಿಯುವುದು ಅದರದ್ದೇ ಮೆಮೊರಿ ಕಾರ್ಡಿನಲ್ಲಿ. ಫೋನ್ ಇಲ್ಲಿ ನೋಡುವ ಪರದೆ ಮಾತ್ರ. ಒಂದು ತಪ್ಪು ಸಲಹೆಯಿಂದ ನೊಂದು ಬಂದವರಿಗೆ ಇನ್ನೊಂದು ವಸ್ತು ಮಾರಲು ಅದೇ ಬಗೆಯ ಸಲಹೆ ಕೊಟ್ಟದ್ದು ನನಗೆ ಎಲ್ಲಕ್ಕಿಂತ ಹೆಚ್ಚು ಬೇಸರ ತಂದಿತು. ಅಂದು ಸಂಜೆ ಕಳಿಸಿದ ಇಮೇಲ್‌ಗೆ ಈವರೆಗೆ ಉತ್ತರವಿಲ್ಲ.

ಆದ್ದರಿಂದ ಕ್ಯೂಎಕ್ಸ್10 ಅನ್ನು ಹಿಂಪಡೆದು, ಬಿಲ್ಲಿನ ಪೂರ್ತಿ ಮೊತ್ತವನ್ನು ನಾನು ಮೊದಲು ಕೇಳಿದ್ದ 1200ಡಿಯ ಬೆಲೆಗೆ ಹೊಂದಿಸಬೇಕೆಂದು ಕೋರುತ್ತೇನೆ. ವ್ಯತ್ಯಾಸದ ಹಣವನ್ನು ನಾನೇ ಕೊಡುತ್ತೇನೆ. ಬೇರೆ ಪರಿಹಾರವನ್ನು ನಾನು ಕೇಳುತ್ತಿಲ್ಲ. ಹೋಲಿಕೆ ಫಲಕದಲ್ಲಿ ಸೆನ್ಸರಿನ ಅಳತೆಯನ್ನೂ ಷಟರ್ ವೇಗದ ನಿಯಂತ್ರಣ ಇದೆಯೇ ಎಂಬುದನ್ನೂ ಸೇರಿಸಬೇಕು, ಅದಾಗುವವರೆಗೆ ಫಲಕವನ್ನು ತೆಗೆದಿಡಬೇಕು. ವಸ್ತುವಿನ ಗುಣಮಟ್ಟದ ಬಗ್ಗೆ ತಪ್ಪು ಕಲ್ಪನೆ ಮೂಡಿಸುವ ಪ್ರಚಾರವು ಗ್ರಾಹಕ ಸಂರಕ್ಷಣಾ ಕಾಯ್ದೆ, 1986ರ ಕಲಂ 2(1)(ಆರ್) ಪ್ರಕಾರ ಅನುಚಿತ ವ್ಯಾಪಾರ ಪದ್ಧತಿಯಾಗುತ್ತದೆ. ಈ ಪತ್ರ ತಲುಪಿದ 15 ದಿನಗಳೊಳಗೆ ಲಿಖಿತ ಉತ್ತರ ಬಾರದಿದ್ದರೆ ಜಿಲ್ಲಾ ಗ್ರಾಹಕರ ವೇದಿಕೆಗೆ ದೂರು ಸಲ್ಲಿಸುತ್ತೇನೆ.

ಬಿಲ್ಲಿನ ನಕಲು, ನವೆಂಬರ್ 2ರಂದು ಮಳಿಗೆಯಲ್ಲೇ ತೆಗೆದುಕೊಂಡಿದ್ದ ಫಲಕದ ಫೋಟೊ, ಎರಡೂ ಕ್ಯಾಮೆರಾಗಳ ತಲಾ ನಾಲ್ಕು ಚಿತ್ರಗಳು ಹಾಗೂ ಡಿಸೆಂಬರ್ 1ರ ಇಮೇಲ್‌ನ ಪ್ರತಿ ಇದರೊಂದಿಗಿವೆ. ಮೇಳಗಳ ತಿರುಗಾಟ ಮೇ ತಿಂಗಳಿನವರೆಗೆ ಇದೆ. ಉಳಿದ ಈ ಐದು ತಿಂಗಳಲ್ಲಿ ಮುಂಡಾಸು ಕಟ್ಟುವ ಇನ್ನೂ ಕೆಲವು ಹಿರಿಯರ ಬಳಿ ಕುಳಿತುಕೊಳ್ಳುವುದಿದೆ. ಆದಷ್ಟು ಬೇಗ ಉತ್ತರಿಸಬೇಕೆಂದು ಕೇಳಿಕೊಳ್ಳುತ್ತೇನೆ.

ತಮ್ಮ ವಿಶ್ವಾಸಿ,
(ಸಹಿ)
ಲಗತ್ತಿಸಿದ ಬಿಲ್ಲಿನಲ್ಲಿ ಹೆಸರಿರುವ ಗ್ರಾಹಕ