ಕಿಂಕಾರ್ಡಿನ್‌ನ ಪಿಟೀಲು, ನಮ್ಮ ಮನೆಯ ಫ್ಲಾಸ್ಕು

ಗಣೇಶನ ಹಬ್ಬದ ದಿನ ಹಾಲ್‌ನಲ್ಲಿ ಕಾಫಿ ಬಗ್ಗಿಸುತ್ತಿದ್ದಾಗ ಪುಟಾಣಿಯೊಬ್ಬಳು ಕೇಳಿದಳು, "ಆಂಟಿ, ಈ ಫ್ಲಾಸ್ಕಿಗೆ ವೈರೇ ಇಲ್ಲ, ಕಾಫಿ ಹೇಗೆ ಬಿಸಿಯಾಗೇ ಇದೆ?" ಸಾಲಿನಲ್ಲಿ ಜನ ಕಾಯುತ್ತಿದ್ದರು, ಪೂರ್ತಿ ಹೇಳಲಾಗಲಿಲ್ಲ. ಪುಟ್ಟಿ, ಇದು ನಿನಗಾಗಿ.

ಫ್ಲಾಸ್ಕ್ ಕಂಡುಹಿಡಿದ ಜೇಮ್ಸ್ ಡ್ಯೂವಾರ್ ನಾವೀಗಿರುವ ಸ್ಕಾಟ್ಲೆಂಡಿನವರೇ. ಹುಟ್ಟಿದ್ದು 1842ರಲ್ಲಿ, ಫೋರ್ತ್ ನದಿ ದಡದ ಕಿಂಕಾರ್ಡಿನ್‌ನಲ್ಲಿ. ಹತ್ತು ವರ್ಷದ ಹುಡುಗನಿದ್ದಾಗ ಮಂಜುಗಡ್ಡೆ ಒಡೆದು ನೀರಿಗೆ ಬಿದ್ದು, ಜ್ವರ ಹಿಡಿದು, ಬಹಳ ಕಾಲ ಶಾಲೆ ತಪ್ಪಿತು. ಆಗ ಊರಿನ ಬಡಗಿಯ ಹತ್ತಿರ ಪಿಟೀಲು ಮಾಡುವುದನ್ನು ಕಲಿತ. ಪ್ರಯೋಗಶಾಲೆಯಲ್ಲಿ ತಮ್ಮ ಕೈಗೆ ಬಂದ ಹದಕ್ಕೆ ಆ ಕಲಿಕೆಯೇ ಮೂಲವೆಂದು ಮುಂದೆ ಅವರೇ ಹೇಳುತ್ತಿದ್ದರು.

1877ರಿಂದ ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಷನ್‌ನಲ್ಲಿ ಪ್ರಾಧ್ಯಾಪಕರು. ಅವರ ತಲೆನೋವು ಬಿಸಿಯದಲ್ಲ, ತಣ್ಣನೆಯದು. ಅವರು ಕಾಪಾಡಿಡಬೇಕಿದ್ದ ದ್ರವ ಆಮ್ಲಜನಕ ಮೈನಸ್ 183 ಡಿಗ್ರಿಯಲ್ಲೇ ಕುದಿಯುತ್ತದೆ. ಕೋಣೆಯ ಶಾಖ ತಾಗಿದರೆ ಆವಿಯಾಗಿ ಹೋಗುತ್ತದೆ. 1892ರಲ್ಲಿ ಗಾಜಿನೊಳಗೊಂದು ಗಾಜು ಕೂರಿಸಿ ನಡುವಿನ ಗಾಳಿ ತೆಗೆದರು. ದಾಟಿಸಲು ಗಾಳಿಯೇ ಇಲ್ಲದ ಮೇಲೆ ಶಾಖಕ್ಕೆ ದಾರಿ ಕಟ್ಟಾಯಿತು. ಬೆಳಕಿನ ಹಾಗೆ ಹೊಮ್ಮುವ ಶಾಖವನ್ನು ಬೆಳ್ಳಿಯ ಲೇಪ ಹಿಂದಕ್ಕೆ ಕಳಿಸಿತು. ಒಳಗೆ ಬರಲಾಗದ ಶಾಖ ಹೊರಗೂ ಹೋಗಲಾರದು, ಅದಕ್ಕೇ ನಮ್ಮ ಕಾಫಿ ಬಿಸಿ. 1898ರಲ್ಲಿ ಜಲಜನಕವನ್ನೂ ದ್ರವವಾಗಿಸಿದರು, ಮೈನಸ್ 253 ಡಿಗ್ರಿಯಲ್ಲಿ.

ಅಜ್ಜಿ ಮಂಡ್ಯದ ಆಸ್ಪತ್ರೆಯಲ್ಲಿದ್ದಾಗ ನಮ್ಮ ಕೆಂಪು ಫ್ಲಾಸ್ಕು ದಿನಾ ಬೆಳಿಗ್ಗೆ ಬಸ್ಸಿನಲ್ಲಿ ಹೋಗಿ ಸಂಜೆ ವಾಪಸ್ಸು ಬರುತ್ತಿತ್ತು. ಒಂದು ದಿನ ಬಂದಾಗ ಒಳಗೆ ಗಲಗಲ. ಅಪ್ಪ ಪೇಟೆಯಿಂದ ಹೊಸ ಒಳಗಾಜು ತಂದರು. ನ್ಯೂಸ್ ಪೇಪರ್ ಹಾಸಿ, ಬುಡದ ಮುಚ್ಚಳ ತಿರುಗಿಸಿ, ಗಾಜನ್ನು ಮಗುವಿನ ಹಾಗೆ ಎರಡು ಕೈಯಲ್ಲಿ ಹಿಡಿದು ಅದರ ಅಡಿ ತೋರಿಸಿದರು. ಅಲ್ಲೊಂದು ಪುಟ್ಟ ಚೂಪು ಮೂತಿ. "ಇಲ್ಲಿಂದಲೇ ಗಾಳಿ ಎಳೆದು ಬಾಯಿ ಮುಚ್ಚಿರೋದು. ಇದು ಮುರಿದರೆ ಮುಗೀತು ಕಣಮ್ಮ." ಆಮೇಲೆ ಅಜ್ಜಿಗೆ ಗಂಜಿ ತುಂಬಿಸಿಕೊಂಡು ಹೊರಟರು. ಕಾಲೇಜಿನಲ್ಲಿ ಭೌತಶಾಸ್ತ್ರ ಓದಿದೆ, ಆದರೂ ಗಾಳಿಯೇ ಇಲ್ಲದ ಆ ನಿರ್ವಾತವೆಂದರೆ ನನಗೆ ಇವತ್ತಿಗೂ ಅಪ್ಪ ಬೆರಳಿಟ್ಟು ತೋರಿಸಿದ ಆ ಮೂತಿಯೇ.

ಡ್ಯೂವಾರ್ ತಮ್ಮ ಫ್ಲಾಸ್ಕಿಗೆ ಪೇಟೆಂಟ್ ಮಾಡಿಸಲಿಲ್ಲ. ಥರ್ಮಾಸ್ ಹೆಸರಿನಲ್ಲಿ ಮಾರಿ ದುಡ್ಡು ಮಾಡಿದ್ದು ಜರ್ಮನಿಯ ಕಂಪನಿ. ನನಗೆ ಅದಕ್ಕಿಂತ ಹೆಚ್ಚು ಸಂಕಟವಾಗುವುದು, ಪ್ರಯೋಗದ ಅವಘಡಗಳಲ್ಲಿ ಒಂದೊಂದು ಕಣ್ಣು ಕಳೆದುಕೊಂಡ ಅವರ ಇಬ್ಬರು ಸಹಾಯಕರನ್ನು ನೆನೆದರೆ. ಅವರನ್ನು ಯಾರೂ ಕೇಳುವುದಿಲ್ಲ.

ಪತ್ರಿಕೆಯಲ್ಲಿ ಜಾಗ ಮುಗಿಯುತ್ತಿದೆ, ಸೂಚನೆಗಳು: ಗೊಂಬೆ ಕೂರಿಸಿದವರು ಫೋಟೋ ಕಳಿಸಿ. ರಾಜ್ಯೋತ್ಸವದ ನಾಟಕಕ್ಕೆ ಮಕ್ಕಳ ಅಭ್ಯಾಸ ಭಾನುವಾರ ಮಧ್ಯಾಹ್ನ, ಹಾಲ್‌ನಲ್ಲೇ. ಬಿಸಿಬೇಳೆಬಾತಿಗೆ ದೊಡ್ಡ ಪಾತ್ರೆ ಇದ್ದವರು ಮುಂಚೆಯೇ ತಿಳಿಸಿ. ಊರಿಗೆ ವಾಪಸಾಗುತ್ತಿರುವ ನಮ್ಮ ಖಜಾಂಚಿ ದಂಪತಿಗೆ ಬೀಳ್ಕೊಡುಗೆಯೂ ಅಂದೇ. ಇನ್ನೊಂದು ಮಾತು: ಈ ಪತ್ರಿಕೆಯ ಟೈಪಿಂಗ್, ಕರಡು ತಿದ್ದುವುದು, ಪುಟ ಜೋಡಿಸುವುದು ಎಲ್ಲ ಒಬ್ಬಳ ಮೇಲೇ ಬಿದ್ದಿದೆ, ರಾತ್ರಿ ಒಂದು ಗಂಟೆ ದಾಟಿದೆ. ಕನ್ನಡ ಟೈಪ್ ಮಾಡಬಲ್ಲವರು ಒಬ್ಬರಾದರೂ ದಯವಿಟ್ಟು ಮುಂದಿನ ಸಂಚಿಕೆಗೆ ಬನ್ನಿ.